ಒಂದು ಹಿಡಿ ಮೊಗೆಬೀಜ

ಮದುವೆಯಾಗಿ ಮಂಕಿಯಿಂದ ಹಳದೀಪುರಕ್ಕೆ ಹೊರಟ ದಿನ ಅವ್ವಿ ನನ್ನ ಸೆರಗಿನ ತುದಿಗೆ ಒಂದು ಗಂಟು ಕಟ್ಟಿದಳು. ಬಂಗಾರವಿರಬೇಕೆಂದು ದಾರಿಯಿಡೀ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದೆ. ಹೊನ್ನಾವರದಲ್ಲಿ ತಾರಿಯ ದೋಣಿ ಹತ್ತಿ ಹೊಳೆ ದಾಟುವಾಗ ತಡೆಯಲಾಗದೆ ಬಿಚ್ಚಿ ನೋಡಿದರೆ ಬೂದಿ! ಬೂದಿಯೊಳಗೆ ಮೊಗೆಕಾಯಿಯ ಬೀಜ. ಗಾಳಿಗೆ ಬೂದಿ ಹಾರಿ ಪಕ್ಕದಲ್ಲಿ ಕೂತಿದ್ದ ಹೊಸ ಗಂಡನ ಬಿಳಿ ಅಂಗಿಯ ಮೇಲೆ ಬಿತ್ತು. ನಮ್ಮ ಸಂಸಾರ ಶುರುವಾದದ್ದು ಹೀಗೆ.

ಮೊದಲ ಸಲ ತವರಿಗೆ ಹೋದಾಗ ಅವ್ವಿಯ ಹತ್ತಿರ ಜಗಳ ತೆಗೆದೆ. "ನಾ ಬಂಗಾರ ಅಂದ್ಕಂಡಿದ್ದೆ," ಎಂದೆ.

"ಬಂಗಾರ ಕಳದ್ರೆ ಅಂಗಡೀಲಿ ಸಿಗ್ತದೆ. ಇದು ಸಿಗ್ತದೆಯೇನೆ?" ಎಂದಳು ಅವ್ವಿ. "ಬಿತ್ತೂಕೆ ಹೊರಟಾಗ ಎಲ್ಲಾ ಬಿತ್ತಬೇಡ. ಒಂದು ಹಿಡಿ ಬೂದೀಲಿ ಹಾಕಿ ಇಟ್ಕ. ಮೊದಲ ಸಸಿ ಕೆಂಪು ಹುಳ ತಿಂದ್ರೆ ಮತ್ತೆ ಹಾಕೂಕೆ ಬೇಕಲ್ಲ."

ಮೊಗೆಕಾಯಿಯೆಂದರೆ ಹುಳಿಗೆ ಹಾಕುವ ದೊಡ್ಡ ಸೌತೆ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಚಳಿಗಾಲಕ್ಕೆ ಬಿತ್ತಿ, ಹೊಂಡದಿಂದ ಕೊಡದಲ್ಲಿ ನೀರು ಹೊತ್ತು ಬೆಳೆಸುತ್ತಿದ್ದೆವು. ಬಲಿತ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ಸಾಲಾಗಿ ತೂಗಹಾಕಿದರೆ ಮಳೆಗಾಲಕ್ಕೆ ತರಕಾರಿಯ ಚಿಂತೆಯಿಲ್ಲ. ಅತ್ತೆಯ ಮನೆಯ ತಳಿ ಚೌತಿಯ ಹೊತ್ತಿಗೆ ಕೊಳೆತು ನೀರು ಸೋರುತ್ತಿತ್ತು. ಅವ್ವಿಯ ಕಾಯಿ ಹಾಗಲ್ಲ. ಹಳದಿ ಮೈ, ಹಸಿರು ಪಟ್ಟೆ, ಎಂದೂ ಕಹಿಯಿಲ್ಲ, ಮುಂದಿನ ಕಾಯಿ ಬರುವ ತನಕ ಹಿಂದಿನದು ತೂಗುತ್ತಲೇ ಇರುತ್ತದೆ. ಅವ್ವಿಗೆ ಅದನ್ನು ಅವಳ ಅವ್ವಿ ಕೊಟ್ಟದ್ದಂತೆ. ಮೊದಲ ವರ್ಷವೇ ಅತ್ತೆ ತಮ್ಮ ತಳಿ ಬಿಟ್ಟು ಇದನ್ನೇ ಹಿಡಿದರು. "ನಿನ್ನ ತಾಯಿ ಕೊಟ್ಟ ಸೊಸೆ ಹ್ಯಾಂಗೇ ಇರ್ಲಿ, ಬೀಜ ಚಲೋ ಇತ್ತು," ಎಂದು ನಾಲ್ಕು ಜನರ ಮುಂದೆ ಹೇಳಿ ನಕ್ಕರು.

ಒಂದೇ ಕಾಟ, ಕೆಂಪು ಹುಳ. ಕಡಲೆಬೇಳೆಯಷ್ಟಿರುತ್ತದೆ. ಸಸಿ ಎರಡೆಲೆ ಬಿಟ್ಟಿತೋ ಇಲ್ಲವೋ ಬಂದು ಜರಡಿ ಮಾಡಿಬಿಡುತ್ತದೆ. ಅದಕ್ಕೆ ಮದ್ದು ಬೂದಿ. ಬೆಳಗ್ಗೆ ಇಬ್ಬನಿ ಆರುವ ಮೊದಲೇ ಒಲೆಯ ಬೂದಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿಕೊಂಡು ಒಂದೊಂದೇ ಬಳ್ಳಿಯ ಮೇಲೆ ಕೊಡವಬೇಕು. ಇಬ್ಬನಿಯಿಂದಾಗಿ ಬೂದಿ ಎಲೆಗೆ ಅಂಟುತ್ತದೆ. ಬಿಸಿಲೇರಿದ ಮೇಲೆ ಹೋದರೆ ಉದುರಿಹೋಗುತ್ತದೆ. ಕಣ್ಣಲ್ಲಿ ಬೂದಿ, ತಲೆಯಲ್ಲಿ ಬೂದಿ, ಬಾಯಲ್ಲಿ ಬೂದಿ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಮೇಲಿಂದ ನಾನು ಏಳನೆಯ ಇಯತ್ತೆ ಪಾಸಾದವಳು. ಈ ಬೂದಿ ಬಳಿಯುವುದಕ್ಕೆ ನಾನು ಓದಿದ್ದೇ ಎಂದು ದಿನಾ ಗೊಣಗುತ್ತಿದ್ದೆ.

ಅದು ಐವತ್ತರ ದಶಕದ ಕೊನೆ. ಮಲೇರಿಯಾದವರು ಮನೆಮನೆಗೆ ಬಂದು ಗೋಡೆಗೆ ಡಿಡಿಟಿ ಹೊಡೆದು ಹೋಗುತ್ತಿದ್ದ ಕಾಲ. ಮೊದಲ ಸಲ ಹೊಡೆದಾಗ ಸೊಳ್ಳೆಯೇನು, ಮಂಚದ ತಿಗಣೆಗಳೂ ರಾಶಿರಾಶಿ ಸತ್ತುಬಿದ್ದವು. ನಾವು ಗುಡಿಸಿ ಗುಡಿಸಿ ಹೊರಗೆ ಹಾಕಿದೆವು. ಪುಡಿಯ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಆವಾಗ. ಕುಮಟೆಯ ಅಂಗಡಿಯೊಂದರಲ್ಲಿ ಗಿಡದ ಹುಳಕ್ಕೂ ಪುಡಿ ಬಂದಿದೆಯೆಂದು ಯಾರೋ ಹೇಳಿದ್ದೇ ತಡ, ಗಂಡನ ಬೆನ್ನು ಹತ್ತಿದೆ. ಅವರು ಒಂದು ಡಬ್ಬಿ ತಂದರು. ಬೆಳ್ಳಗೆ, ನಯವಾಗಿ, ಹಳೆ ಗೋಣಿಯ ಮುಗ್ಗಲು ವಾಸನೆಯ ಪುಡಿ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಉದ್ದುದ್ದ ಬರೆದಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಇಂಗ್ಲಿಷು ಬರುತ್ತಿರಲಿಲ್ಲ. ಕೆಳಗೊಂದು ತಲೆಬುರುಡೆಯ ಚಿತ್ರ. "ಇದು ಎಂತಕೆ?" ಎಂದು ಅತ್ತೆ ಕೇಳಿದರು. "ಹುಳ ಸಾಯ್ತದೆ ಅಂತ ಅರ್ಥ," ಎಂದೆ, ಏಳನೆಯ ಇಯತ್ತೆಯ ಗತ್ತಿನಲ್ಲಿ.

"ಹುಳಕ್ಕೆ ಇಂಥಾ ಬುರುಡೆ ಇರ್ತದೆಯೇನೆ? ಇದು ಮನುಷ್ಯರ ತಲೆ ಹಾಂಗೆ ಕಾಣ್ತದೆ," ಎಂದರು ಅತ್ತೆ. ನಾನು ಕೇಳಿಸಿಕೊಳ್ಳಲಿಲ್ಲ.

ಪುಡಿಯನ್ನು ಹೇಗೆ ಹಾಕಬೇಕೆಂದು ಯಾರನ್ನೂ ಕೇಳಲಿಲ್ಲ. ಕೇಳುವುದೇನು? ಬೂದಿಯನ್ನು ಹಾಕಿದ ಹಾಗೇ ಹಾಕಿದೆ. ಅದೇ ತೆಳುಬಟ್ಟೆ, ಅದೇ ಇಬ್ಬನಿಯ ಹೊತ್ತು, ಅದೇ ಧಾರಾಳ ಕೈ. ಎಲೆ, ಹೂವು, ಮೊಗ್ಗು ಯಾವುದನ್ನೂ ಬಿಡಲಿಲ್ಲ. ಬೂದಿಗೆ ಲೆಕ್ಕವುಂಟೇ? ಹಾಗೆಯೇ ಪುಡಿಗೂ. ಉಳಿದ ಪುಡಿಯನ್ನು ಒಂದು ದಿನ ಬೂದಿಯ ಬುಟ್ಟಿಯಲ್ಲೇ ಸುರಿದಿಟ್ಟೆ. ಅತ್ತೆ ಅದನ್ನು ಕಂಡವರೇ ಇಡೀ ಬುಟ್ಟಿಯನ್ನು ಎತ್ತಿ ಹೊರಗಿಟ್ಟರು. "ಈ ಬೂದೀಲಿ ನಾವು ಪಾತ್ರೆ ತಿಕ್ತೇವೆ, ಹಲ್ಲು ತಿಕ್ತೇವೆ. ತಲೆ ನೆಟ್ಟಗಿತ್ತೇನೆ ನಿಂಗೆ?" ಎಂದು ಕೂಗಿದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ನನಗೆ ಮುಖ ಊದಿತು. ಹಳೆಯ ಕಾಲದವರಿಗೆ ಏನು ಗೊತ್ತು ಎಂದುಕೊಂಡೆ.

ಆ ವರ್ಷ ಒಂದೂ ಕೆಂಪು ಹುಳ ಉಳಿಯಲಿಲ್ಲ. ಅಟ್ಟದ ತೊಲೆ ಕಾಣದಷ್ಟು ಮೊಗೆಕಾಯಿ ತೂಗಿದವು. ನೆರೆಮನೆಯವರು ಬಂದು ಬಂದು ನೋಡಿಹೋದರು. ಅಡಿಗೆಗೆ ಕೊಯ್ದಾಗ ಒಂದಿಷ್ಟು ಮುಗ್ಗಲು ವಾಸನೆ ಬರುತ್ತಿತ್ತು ಅನ್ನುವುದನ್ನು ನಾನು ಯಾರಿಗೂ ಹೇಳಲಿಲ್ಲ. ಗಂಡ ಮಾತ್ರ ಒಂದು ದಿನ ಹುಳಿಯನ್ನು ಮೂಸಿ, "ಇದ್ಕೆ ಗೋಣಿ ಹಾಕಿದ್ಯಾ?" ಎಂದು ಕೇಳಿದರು. ಉಣ್ಣುವುದಾದರೆ ಉಣ್ಣಿ ಎಂದೆ.

ನನ್ನ ಕೊಬ್ಬು ಇಳಿಯಲಿಲ್ಲ. ಚೌತಿಗೆ ತವರಿಗೆ ಹೋಗುವಾಗ ಸೀರೆ ಒಯ್ಯುವ ಬದಲು ಒಂದು ಡಬ್ಬಿ ಪುಡಿ ಒಯ್ದೆ. ಅವ್ವಿಯನ್ನು ಕೂರಿಸಿಕೊಂಡು ಪಾಠ ಹೇಳಿದೆ. "ಆ ಒಂದು ಹಿಡಿ ಬೀಜ ಬೂದೀಲಿ ಇಡೂದು ಹುಳಕ್ಕೆ ಹೆದರಿ ಅಲ್ದಾ? ಇನ್ನು ಹುಳವೇ ಇಲ್ಲ. ಅದನ್ನೂ ಬಿತ್ತು. ನಾನೂ ಎಲ್ಲಾ ಬಿತ್ತೂವಳೇ." ಅವ್ವಿ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ, ದೇವರ ಗೂಡಿನ ಪಕ್ಕದಲ್ಲಿ ಇಟ್ಟಳು. ಓದಿದ ಮಗಳು ತಂದದ್ದು.

ಮರುವರ್ಷ ಗದ್ದೆಯಲ್ಲಿ ಬೀಜವನ್ನೆಲ್ಲ ಬಿತ್ತಿದೆ. ಒಂದು ಕಾಳೂ ಉಳಿಸಲಿಲ್ಲ. ಅಟ್ಟದಲ್ಲಿದ್ದ ಕಾಯಿಗಳೆಲ್ಲ ಅಡಿಗೆಗೆ, ನೆಂಟರಿಗೆ, ಕುಮಟೆಯ ಸಂತೆಗೆ ಆಗಿಹೋಗಿದ್ದವು. ಸಸಿ ಎದ್ದಿತು. ಕೆಂಪು ಹುಳವೂ ಎದ್ದಿತು. ಪುಡಿ ಹಾಕಿದೆ. ಹುಳ ಹೋಗಲಿಲ್ಲ. ಕೆಲವು ಸತ್ತವು, ಉಳಿದವು ಪುಡಿಯ ಮೇಲೇ ಕೂತು ಎಲೆ ತಿಂದವು. ಎರಡು ಪಟ್ಟು ಹಾಕಿದೆ. ಮುಖಕ್ಕೆ ಪೌಡರು ಹಚ್ಚಿಕೊಂಡ ಮದುಮಕ್ಕಳ ಹಾಗೆ ಬೆಳ್ಳಗೆ ಓಡಾಡಿದವು ಹೊರತು ಬಿಡಲಿಲ್ಲ. ಬದಲಿಗೆ ಬಳ್ಳಿಯ ನಡುವೆ ಬಲೆ ಕಟ್ಟಿಕೊಂಡಿದ್ದ ಜೇಡಗಳು ಹೋದವು. ನೀರಿನ ಹೊಂಡದ ಅಂಚಿನಲ್ಲಿ ಕೂರುತ್ತಿದ್ದ ಕಪ್ಪೆಗಳೂ ಕಾಣದಾದವು.

ಅತ್ತೆ ಬದುವಿನ ಮೇಲೆ ನಿಂತು ನೋಡಿದರು. "ಮಂಚದ ತಿಗಣೆ ಕಂಡ್ಯಾ ನೀನು? ಮೊದಲ ವರ್ಷ ಸತ್ವು. ಈಗ ಮಲೇರಿಯಾದವ್ರು ಹೊಡೆದು ಹೋದ ಗೋಡೆ ಮೇಲೇ ಮೆರವಣಿಗೆ ಹೋಗ್ತವೆ. ತಿಗಣೆ ರೂಢಿ ಮಾಡ್ಕಂಡ್ರೆ ನಿನ್ನ ಹುಳ ಮಾಡ್ಕಳೂದಿಲ್ವಾ? ತಡ್ಕಂಡದ್ದು ಉಳೀತು. ಉಳ್ದದ್ದು ಮರಿ ಹಾಕ್ತು."

ಮಾತು ನಾಟಿತು. ಆದರೆ ಸೋಲನ್ನು ಒಪ್ಪಿಕೊಳ್ಳುವ ಜಾತಿ ನನ್ನದಲ್ಲ. ಇನ್ನೊಂದು ಡಬ್ಬಿ ತರಿಸಿದೆ. ಹುಳ ತಿಂದು ಬಿಟ್ಟ ಬಳ್ಳಿಗಳೂ ಹೇಗೋ ಹಬ್ಬಿ, ಜನವರಿಯ ಕೊನೆಗೆ ಗದ್ದೆಯೆಲ್ಲ ಹಳದಿ ಹೂವಾಯಿತು. ನಾನು ಗೆದ್ದೆನೆಂದುಕೊಂಡೆ.

ಹೂವು ಬಂತು, ಕಾಯಿ ಬರಲಿಲ್ಲ. ಮೊಗೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಮರಿಕಾಯಿ ಇರುತ್ತದೆ. ಆ ಮರಿಕಾಯಿಗಳು ಒಂದೊಂದಾಗಿ ಹಳದಿಯಾಗಿ, ಬಾಡಿ, ಮುಟ್ಟಿದರೆ ಉದುರಿದವು. ನೀರು ಹೆಚ್ಚು ಹಾಕಿದೆ, ಗೊಬ್ಬರ ಹಾಕಿದೆ, ಕುಲದೇವರಿಗೆ ಕಾಯಿ ಒಡೆಸುತ್ತೇನೆಂದೆ. ಎರಡು ವಾರದಲ್ಲಿ ಒಂದು ಕಾಯಿಯೂ ನಿಲ್ಲಲಿಲ್ಲ.

ಒಂದು ಬೆಳಗ್ಗೆ ಅತ್ತೆ ನನ್ನ ಕೈ ಹಿಡಿದುಕೊಂಡು ಬಚ್ಚಲಮನೆಯ ಹಿಂದೆ ಕರೆದೊಯ್ದರು. ಅಲ್ಲಿ ಕೆಂಪುಕಲ್ಲಿನ ಗೋಡೆಯ ಸಂದಿಯಲ್ಲಿ ಮಿಸರಿ ಜೇನು ಇತ್ತು. ಮಿಸರಿಯೆಂದರೆ ನುಸಿಯಷ್ಟೇ ದೊಡ್ಡ ಜೇನುಹುಳ, ಕಚ್ಚುವುದಿಲ್ಲ. ಗೋಡೆಯಿಂದ ಹೊರಗೆ ಮೇಣದ ಒಂದು ಸಣ್ಣ ನಳಿಗೆ ಮಾಡಿಕೊಂಡು ಅದರಲ್ಲೇ ಹೋಗಿಬಂದು ಮಾಡುತ್ತದೆ. ಆ ನಳಿಗೆ ಒಣಗಿ ಮುರಿದು ನೇತಾಡುತ್ತಿತ್ತು. ಕೆಳಗೆ ಮಣ್ಣಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪಗೆ ಬಿದ್ದಿದ್ದವು.

"ಗಂಡು ಹೂವಿಂದ ಹೆಣ್ಣು ಹೂಗೆ ಹೋಗೂದು ಯಾರು? ಇವು. ಇವನ್ನ ಕೊಂದು ಕಾಯಿ ಬಿಡು ಅಂದ್ರೆ ಬಳ್ಳಿ ಎಂತಾ ಮಾಡ್ತದೆ?" ಎಂದರು ಅತ್ತೆ.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವರು ಬೈಯಲಿಲ್ಲ. ನಾನು ಅಲ್ಲೇ ಕೂತು ಹೋ ಎಂದು ಅತ್ತುಬಿಟ್ಟೆ. ಜೇನಿಗಾಗಿ ಅತ್ತೆನೋ, ಸೊಕ್ಕು ಮುರಿದದ್ದಕ್ಕೆ ಅತ್ತೆನೋ ತಿಳಿಯದು. ಸ್ವಲ್ಪ ಹೊತ್ತಿಗೆ ಇನ್ನೊಂದು ಹೊಳೆದು ಅಳು ಹಾಗೇ ನಿಂತುಹೋಯಿತು. ಬೀಜ! ಮನೆಯಲ್ಲಿ ಒಂದು ಕಾಳಿಲ್ಲ, ಗದ್ದೆಯಲ್ಲಿ ಒಂದು ಕಾಯಿಯಿಲ್ಲ. ಅಜ್ಜಿಯಿಂದ ಅವ್ವಿಗೆ, ಅವ್ವಿಯಿಂದ ನನಗೆ ಬಂದದ್ದು ನನ್ನ ಕೈಯಲ್ಲೇ ಮುಗಿಯಿತು. ಉಳಿದ ಆಸೆ ಅವ್ವಿಯ ಗದ್ದೆ ಒಂದೇ. ಅವತ್ತೇ ಬಸ್ಸು ಹಿಡಿದು, ಹೊಳೆ ದಾಟಿ, ಮಂಕಿಗೆ ಹೋದೆ.

ಅವ್ವಿಯ ಗದ್ದೆಯನ್ನು ರಸ್ತೆಯಿಂದಲೇ ಕಂಡೆ. ಬಳ್ಳಿಗಳೆಲ್ಲ ಹಿಟ್ಟು ಬಳಿದ ಹಾಗೆ ಬೆಳ್ಳಗಿದ್ದವು.

"ಬಂದ್ಯಾ ಮಗಾ?" ಎಂದು ಅವ್ವಿ ಬದುವಿಗೆ ಬಂದಳು. "ನೀ ಹೇಳ್ದ ಹಾಂಗೇ ಮಾಡ್ದೆ. ಮಗಳು ಕೊಟ್ಟದ್ದು ಅಂದ್ಕಂಡಿ ಒಂದು ಬಳ್ಳಿಯೂ ಬಿಡ್ಲಿಲ್ಲ. ಆ ಹಿಡಿ ಬೀಜವನ್ನೂ ಬಿತ್ದೆ. ಆದ್ರೆ ಕಾಯಿ ಎಂತಕೋ ನಿಲ್ಲೂದಿಲ್ವೆ. ನಿಮ್ಮಲ್ಲಿ ಹ್ಯಾಂಗೆ?"

ನಾನು ಎಲ್ಲವನ್ನೂ ಹೇಳಿದೆ. ಅವ್ವಿ ನನ್ನ ತಲೆಯ ಮೇಲೆ ಒಂದು ಮೊಟಕಿದಳು. ನನಗೆ ಮದುವೆಯಾಗಿ ಮೂರು ವರ್ಷವಾಗಿತ್ತು. ಆದರೂ ಆ ಮೊಟಕು ಬಿದ್ದ ಮೇಲೆ ಎದೆ ಹಗುರಾಯಿತು.

"ಏಳು, ಭಟ್ಕಳಕ್ಕೆ ಹೋಗ್ವ," ಎಂದಳು.

ಭಟ್ಕಳದಲ್ಲಿ ಅವ್ವಿಗೆ ಒಬ್ಬರು ಹಳೆಯ ಗಿರಾಕಿಯಿದ್ದರು, ನವಾಯತ ಮುಸ್ಲಿಮರ ಮನೆಯ ದೊಡ್ಡ ಹೆಂಗಸು. ಅವ್ವಿ ಅವರನ್ನು ಬೀಬಮ್ಮ ಎನ್ನುತ್ತಿದ್ದಳು. ಪ್ರತಿ ಬೇಸಗೆ ಅವ್ವಿ ಬುಟ್ಟಿ ಹೊತ್ತು ಅವರ ಹಿತ್ತಲ ಬಾಗಿಲಿಗೆ ಹೋದರೆ, ಬೀಬಮ್ಮ ಮೊಗೆಕಾಯಿಗಳನ್ನು ಒಂದೊಂದಾಗಿ ತಟ್ಟಿ ಆರಿಸಿ ತಮ್ಮ ಅಟ್ಟಕ್ಕೆ ತೂಗಹಾಕಿಸುತ್ತಿದ್ದರು. ಹಿಂದಿನ ಬೇಸಗೆಯ ಕಾಯಿ, ಪುಡಿ ಕಾಣದ ಕಾಯಿ, ಅಲ್ಲಿ ಏನಾದರೂ ಉಳಿದಿದ್ದರೆ! ಬಸ್ಸಿನಲ್ಲಿ ಅವ್ವಿ ಕಿಟಕಿಯ ಕಡೆ ನೋಡುತ್ತಲೇ ಕೂತಳು. ನಾನು ಹರಕೆಯ ಮೇಲೆ ಹರಕೆ ಹೊತ್ತೆ.

"ಉಳಿದದ್ದು ಒಂದೇ," ಎಂದರು ಬೀಬಮ್ಮ. "ನಾಳೆ ಒಣ ಸಿಗಡಿ ಹಾಕಿ ಸಾರು ಮಾಡುವ ಅಂತ ಇದ್ದೆ. ಯಾಕೆ, ಕೊಟ್ಟದ್ದನ್ನು ವಾಪಸ್ ಕೇಳಲಿಕ್ಕೆ ಬಂದ್ಯಾ?"

ಅವ್ವಿ ನನ್ನನ್ನು ಮುಂದಕ್ಕೆ ತಳ್ಳಿದಳು. ನಾನೇ ಹೇಳಬೇಕಾಯಿತು. ಬೀಬಮ್ಮ ಕೇಳಿ ನಕ್ಕರು, ಮತ್ತೆ ಸಿಟ್ಟಾದರು, ಮತ್ತೆ ನಕ್ಕರು. "ತಿನ್ನುವ ವಸ್ತುವಿಗೆ ವಿಷ ಬಳಿದು ನಮ್ಮ ಮನೆ ಬಾಗಿಲಿಗೆ ತರುವವರಿದ್ರಾ ನೀವು?" ಎಂದರು. ಅವ್ವಿ ತಲೆ ತಗ್ಗಿಸಿದಳು. ನನ್ನ ದೆಸೆಯಿಂದ ಅವ್ವಿ ತಲೆ ತಗ್ಗಿಸಿದ್ದನ್ನು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೀಬಮ್ಮ ಎದ್ದು ಅಟ್ಟದಿಂದ ಕಾಯಿಯನ್ನು ಇಳಿಸಿ ತಂದರು. ಪಟ್ಟೆ ಮಾಸಿತ್ತು, ಆದರೆ ಗಟ್ಟಿಯಿತ್ತು. "ತಿರುಳು ನಂಗೆ, ಬೀಜ ನಿಂಗೆ. ಆತಲ್ಲ?" ಎಂದು ಈಳಿಗೆಮಣೆಯ ಮುಂದೆ ಕೂತರು.

ಕೊಯ್ದದ್ದೇ ನಾವು ಮೂವರೂ ಬಗ್ಗಿ ನೋಡಿದೆವು. ಅಯ್ಯೋ ದೇವರೇ! ಬೀಜಗಳು ಕಾಯಿಯೊಳಗೇ ಮೊಳೆತುಬಿಟ್ಟಿದ್ದವು. ಬಿಳಿ ಎಳೆಗಳು ಗೋಜಲು ಗೋಜಲು. ಹನ್ನೊಂದು ತಿಂಗಳು ಕಾದು ಕಾದು ಅವಕ್ಕೂ ಬೇಸರ ಬಂದಿರಬೇಕು. ಅವ್ವಿ ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದಳು. ತೊಟ್ಟಿನ ಹತ್ತಿರದ ಮೂಲೆಯಲ್ಲಿ ಮೊಳೆಯದ ಒಂದಿಷ್ಟು ಸಿಕ್ಕವು. ನೀರಿಗೆ ಹಾಕಿದಾಗ ತೇಲಿದವನ್ನು ಬಿಟ್ಟು ಮುಳುಗಿದವನ್ನು ಎತ್ತಿದೆವು. ಹದಿನಾಲ್ಕು.

ಬೀಬಮ್ಮ ತಮ್ಮ ಒಲೆಯಿಂದಲೇ ಬೂದಿ ತಂದುಕೊಟ್ಟರು. ಅವ್ವಿ ಬೀಜವನ್ನು ಬೂದಿಯಲ್ಲಿ ಹೊರಳಿಸಿ ನನ್ನ ಸೆರಗಿಗೆ ಗಂಟು ಹಾಕಿದಳು, ಎರಡನೆಯ ಸಲ. "ಅರ್ಧ ನೀನಿಟ್ಕ," ಎಂದೆ. "ಬೇಡ. ಕಳದವಳು ನೀನು. ನೀನೇ ಹುಟ್ಟಿಸ್ಕಂಡಿ ಬಾ," ಎಂದಳು.

ಹಳದೀಪುರಕ್ಕೆ ಬಂದು ಕೊಟ್ಟಿಗೆಯ ಹಿಂದೆ, ಪುಡಿ ಬೀಳದ ಮಣ್ಣಿನಲ್ಲಿ, ಏಳು ಬೀಜ ಹಾಕಿದೆ. ಏಳು ಬೂದಿಯಲ್ಲಿ ಉಳಿಸಿದೆ. ಬುದ್ಧಿ ಬಂದಿತ್ತು. ಐದು ಮೊಳೆತವು. ಬೆಳಗ್ಗೆ ಅತ್ತೆ ಏಳುವ ಮೊದಲೇ ಬೂದಿಯ ಗಂಟು ಹಿಡಿದು ಹೊರಡುತ್ತಿದ್ದೆ. ಕೆಂಪು ಹುಳವನ್ನು ಒಂದೊಂದಾಗಿ ಹಿಡಿದು ಬೂದಿನೀರಿನ ಚಿಪ್ಪಿಗೆ ಹಾಕುತ್ತಿದ್ದೆ. ಕಣ್ಣಿಗೆ ಬೂದಿ ಹೋದರೆ ಈಗ ಗೊಣಗುವ ಬಾಯಿಯಿಲ್ಲ.

ಹೂವು ಬಂದಾಗ ಮತ್ತೆ ಅದೇ ಹೆದರಿಕೆ. ಮಿಸರಿಯಿಲ್ಲವಲ್ಲ? ಅತ್ತೆ ಉಪಾಯ ಹೇಳಿದರು. ಮಳೆಗಾಲದಲ್ಲಿ ಜೇನು ಹೊರಗೆ ಬೀಳದ ದಿನಗಳಲ್ಲಿ ಅವರ ಅಜ್ಜಿ ಕುಂಬಳದ ಗಂಡು ಹೂವನ್ನು ಕೊಯ್ದು, ಎಸಳು ಬಿಡಿಸಿ, ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರುತ್ತಿದ್ದರಂತೆ. ಅತ್ತೆಯೇ ಮೊದಲನೆಯದನ್ನು ಮಾಡಿ ತೋರಿಸಿದರು. ತೋರಿಸುವಾಗ ಅವರಿಗೆ ಏನನ್ನಿಸಿತೋ, ಧಾರೆಯ ಹೊತ್ತಿಗೆ ಹೆಂಗಸರು ಹೇಳುವ ಹಾಡನ್ನು ಸಣ್ಣಗೆ ಶುರುಮಾಡಿದರು. ನಾನು ಎತ್ತಿಕೊಂಡೆ. ಬೇಲಿಯಾಚೆ ನೀರು ಹೊರುತ್ತಿದ್ದ ನೆರೆಮನೆಯ ಹೆಂಗಸರೂ ದನಿಗೂಡಿಸಿದರು. ಅಂದಿನಿಂದ ದಿನಾ ಬೆಳಗ್ಗೆ ಕೊಟ್ಟಿಗೆಯ ಹಿಂದೆ ಮದುವೆ.

"ಇವತ್ತು ಎಷ್ಟು ಲಗ್ನವೇ ಮಾರಾಯ್ತಿ?" ಎಂದು ಬೇಲಿಯಾಚೆಯಿಂದ ಕೇಳುತ್ತಿದ್ದರು.

"ಮೂರು. ನಿನ್ನೇದ್ರಲ್ಲಿ ಒಂದು ಮುರೀತು," ಎನ್ನುತ್ತಿದ್ದೆ.

ಗಂಡ ನನ್ನನ್ನು ಭಟ್ಟರೇ ಎಂದು ಕರೆಯತೊಡಗಿದರು. ದಕ್ಷಿಣೆಗೆ ಬೇಡಿಕೆಯಿಟ್ಟೆ. ಹತ್ತನೆಯ ದಿನ ಒಂದು ಮರಿಕಾಯಿ ಉದುರದೆ ನಿಂತು, ಬಗ್ಗಿ, ದಪ್ಪವಾಯಿತು. ಅದನ್ನು ಮುಟ್ಟಲು ಹೆದರಿ ಅತ್ತೆಯನ್ನು ಕೂಗಿದೆ. ಅವರು ಒಲೆಯ ಮೇಲಿನ ಹಾಲನ್ನು ಬಿಟ್ಟು ಓಡಿಬಂದರು. ಹಾಲು ಉಕ್ಕಿಹೋಯಿತು, ಇಬ್ಬರೂ ನಕ್ಕೆವು.

ಉಳಿದ ಪುಡಿಯ ಡಬ್ಬಿ ಮಾತ್ರ ದೊಡ್ಡ ತಲೆನೋವಾಯಿತು. ಹೊಂಡಕ್ಕೆ ಚೆಲ್ಲುವ ಹಾಗಿಲ್ಲ, ಗದ್ದೆಯಲ್ಲಿ ಹೂಳುವ ಹಾಗಿಲ್ಲ. ಹೊಳೆಗೆ ಹಾಕಿದರೆ ಮೀನಿನ ಹೊಟ್ಟೆಗೆ, ಅಲ್ಲಿಂದ ನಮ್ಮ ಹೊಟ್ಟೆಗೆ. ಕುಮಟೆಯ ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಕೊನೆಗೆ ಮುಚ್ಚಳಕ್ಕೆ ಡಾಂಬರು ಮೆತ್ತಿ, ಹುಲ್ಲುಮಾಡಿನ ಎತ್ತರದ ಮೂಲೆಯಲ್ಲಿ ಬುರುಡೆಯ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟೆವು. ಅವ್ವಿಯ ಡಬ್ಬಿಯೂ ಬಂದು ಅದರ ಪಕ್ಕದಲ್ಲಿ ಕೂತಿತು. ಎಷ್ಟೋ ವರ್ಷ ಅವೆರಡೂ ಅಲ್ಲೇ ಇದ್ದವು. ತರುವುದು ಸುಲಭ, ಕಳೆಯುವುದಕ್ಕೆ ಜಾಗವಿಲ್ಲ ಎನ್ನುವುದನ್ನು ಆ ಡಬ್ಬಿಗಳನ್ನು ಕಂಡಾಗಲೆಲ್ಲ ನೆನೆಯುತ್ತಿದ್ದೆ.

ಮಳೆ ಹಿಡಿಯುವ ಮೊದಲು ನಾಲ್ಕು ಕಾಯಿ ಬಲಿತವು. ಕಡೆಯ ಹೂವುಗಳ ಹೊತ್ತಿನಲ್ಲಿ ಒಂದು ಬೆಳಗ್ಗೆ ಗಂಡು ಹೂ ಹಿಡಿದು ಬಗ್ಗಿದರೆ, ಹೆಣ್ಣು ಹೂವಿನೊಳಗೆ ಒಂದು ಮಿಸರಿ ಆಗಲೇ ಕೂತು ಕೆಲಸ ಮಾಡುತ್ತಿತ್ತು. ಎಲ್ಲಿಂದ ಬಂತೋ! ನಾನು ಉಸಿರು ಬಿಗಿಹಿಡಿದು ನಿಂತೆ. ಹಿಂದಿನಿಂದ ಅತ್ತೆ, "ಖಾಸಾ ಭಟ್ಟರು ಬಂದ್ರು. ನೀ ಇನ್ನು ಬದಿಗೆ ಸರಿ," ಎಂದರು. ಕಣ್ಣಲ್ಲಿ ನೀರು ಬಂತು. ಬೂದಿ ಹೋಯಿತೆಂದು ಒರೆಸಿಕೊಂಡೆ.

ಮೇ ಕೊನೆಯಲ್ಲಿ ಮೂರು ಕಾಯಿಗಳನ್ನು ಹೊತ್ತು ಮಂಕಿಗೆ ಹೋದೆ. ಅವ್ವಿ ಪಟ್ಟೆ ನೋಡಿದಳು, ತಟ್ಟಿದಳು, ಮೂಸಿದಳು. ಒಂದನ್ನು ಕೊಯ್ದು ಸಣ್ಣ ಚೂರನ್ನು ಬಾಯಿಗೆ ಹಾಕಿಕೊಂಡಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಕಹಿಯಿಲ್ಲ, ವಾಸನೆಯಿಲ್ಲ. "ನಮ್ದೇ," ಎಂದಳು ಅವ್ವಿ. ಅಷ್ಟೇ ಅಂದದ್ದು. ಬೀಜ ತೊಳೆದು ಒಣಗಿಸಿ, ಬೂದಿಯಲ್ಲಿ ಹೊರಳಿಸಿ, ಹಳೆ ಸೀರೆಯ ಚೂರುಗಳಲ್ಲಿ ಮೂರು ಗಂಟು ಕಟ್ಟಿದಳು.

"ಒಂದು ನಂಗೆ, ಒಂದು ನಿಂಗೆ. ಇನ್ನೊಂದು ಯಾರಿಗೆ?" ಎಂದೆ.

"ಬೀಬಮ್ಮಂಗೆ. ಎರಡು ಕಾಯಿ ಜೊತೆಗೆ ಕೊಟ್ಟು ಬಾ."

"ಅವ್ರು ಗಿಡ ನೆಡೂದೇ ಇಲ್ವಲ್ಲ ಅವ್ವಿ. ಬೀಜ ತಕಂಡು ಎಂತಾ ಮಾಡ್ತ್ರು?"

"ಅದ್ಕೇ ಅವ್ರ ಹತ್ರ ಇರ್ಲಿ," ಎಂದಳು ಅವ್ವಿ. "ಒಂದು ಡಬ್ಬಿ ಕಂಡ ಕೂಡ್ಲೆ ಮುಷ್ಟಿ ಬಿಚ್ಚೂ ಜನ ನಾವು. ನಮ್ಮಿಬ್ಬರನ್ನ ನಂಬೂಕಾಗೂದಿಲ್ಲ."

ನಾನು ಮೂರನೆಯ ಗಂಟನ್ನು ಸೆರಗಿಗೆ ಕಟ್ಟಿಕೊಂಡು ಭಟ್ಕಳದ ಬಸ್ಸು ಹತ್ತಿದೆ. ಈ ಸಲ ಒಳಗೇನಿದೆಯೆಂದು ಬಿಚ್ಚಿ ನೋಡಲಿಲ್ಲ. ದಾರಿಯಿಡೀ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ.